ಶುಕ್ರವಾರ ಸಂಜೆಯ ಲೈನು

ಅದೊಂದು ಬೂದು ಬಣ್ಣದ ಪೆಟ್ಟಿಗೆ, ಊಟದ ಡಬ್ಬಿಯಷ್ಟು ದೊಡ್ಡದು. ಮುಂದೆ ಸಾಲಾಗಿ ಏಳು ಕೆಂಪು ದೀಪ. ಮೋಡೆಮ್ ಎಂದು ಅದರ ಹೆಸರು. ಈಗಿನವರಿಗೆ ಹೇಳಿದರೆ ನಗುತ್ತಾರೆ, ಆದರೆ ಆಗ ಇಂಟರ್ನೆಟ್ಟು ಬರುತ್ತಿದ್ದದ್ದು ಮಾಮೂಲಿ ಫೋನಿನ ತಂತಿಯಲ್ಲೇ. ಮೋಡೆಮ್ಮು ನಂಬರು ತಿರುಗಿಸಬೇಕು, ಆ ಕಡೆ ಇನ್ನೊಂದು ಮೋಡೆಮ್ಮು ಎತ್ತಿಕೊಳ್ಳಬೇಕು, ಎರಡೂ ಒಂದಷ್ಟು ಹೊತ್ತು ಕಿರ್ರೋ ಕುಯ್ಯೋ ಎಂದು ಕಿರುಚಾಡಿ ಒಪ್ಪಂದಕ್ಕೆ ಬರಬೇಕು. ಆಮೇಲೆ ಒಂದು ದೀಪ ಹೊತ್ತಿಕೊಂಡು ಹಾಗೇ ನಿಲ್ಲುತ್ತದೆ. ಅದಕ್ಕೆ ಕ್ಯಾರಿಯರ್ ದೀಪ ಅನ್ನುತ್ತಾರೆ. ಅದು ಉರಿಯುತ್ತಿದ್ದರೆ ಲೈನು ಇದೆ, ಆರಿದರೆ ಹೋಯಿತು. ಹೋದಾಗ ಪರದೆಯ ಮೇಲೆ ‘ನೋ ಕ್ಯಾರಿಯರ್’ ಎಂದು ಎರಡು ಪದ ಬರುತ್ತವೆ. ಆ ಎರಡು ಪದವನ್ನು ನಾನು ಎಷ್ಟು ಸಲ ಓದಿದ್ದೇನೋ ದೇವರಿಗೇ ಗೊತ್ತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನನಗಾಗ ಮದುವೆಯಾಗಿರಲಿಲ್ಲ. ನಂಜನಗೂಡಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬು ನೋಡಿಕೊಳ್ಳುವ ಕೆಲಸ. ಪ್ರಯೋಗದ ಸಾಮಾನು ಜೋಡಿಸಿಕೊಡುವುದು, ಕೆಟ್ಟ ಮೀಟರು ಬಿಚ್ಚಿ ಸರಿ ಮಾಡುವುದು. ಇಷ್ಟಕ್ಕೇ ನಾನೂ ಒಬ್ಬ ಅರ್ಧ ವಿಜ್ಞಾನಿ ಎಂಬ ಕೊಬ್ಬು ಬಂದುಬಿಟ್ಟಿತ್ತು. ಜೊತೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ಈಗಲೂ ಇದೆ, ಆದರೆ ಈಗ ಅದನ್ನು ಕೇಳುವವರು ಕಡಿಮೆ.

ಕಾಲೇಜಿನವರು ಬೇಡವೆಂದು ಮೂಲೆಗೆ ಹಾಕಿದ್ದ ಒಂದು ಕಂಪ್ಯೂಟರನ್ನು ಮನೆಗೆ ತಂದು, ಪುಸ್ತಕದಂಗಡಿಯಲ್ಲಿ ಪತ್ರಿಕೆಯೊಂದರ ಜೊತೆ ಸಿಕ್ಕಿದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡಿದ್ದೆ. ಎಲ್ಲರ ಮನೆಯಲ್ಲೂ ವಿಂಡೋಸ್ ಇರುವಾಗ ನನ್ನ ಮನೆಯಲ್ಲಿ ಲಿನಕ್ಸ್ ಇದೆ ಎಂಬುದೇ ಒಂದು ಜಂಬ. ಅದರಲ್ಲಿ ಕಿಟಕಿ ಒತ್ತಿ ಇಂಟರ್ನೆಟ್ಟಿಗೆ ಹೋಗುವ ಸುಖವಿರಲಿಲ್ಲ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಬೇಕು. ಒಂದು ಫೈಲಿನಲ್ಲಿ ನಂಬರು, ಇನ್ನೊಂದರಲ್ಲಿ ಪಾಸ್‌ವರ್ಡು, ಮತ್ತೊಂದರಲ್ಲಿ ಮೋಡೆಮ್ಮಿಗೆ ಹೇಳಬೇಕಾದ ಗುಟ್ಟಿನ ಅಕ್ಷರಗಳು. ನನಗೋ ಅದೇ ಇಷ್ಟ. ನನ್ನ ಪಾಡಿಗೆ ನಾನು ಹೀಗೆ ಆಡಿಕೊಂಡಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಕ್ಕನ ಬದುಕು ಬಂದು ಆ ಪೆಟ್ಟಿಗೆಯ ಮೇಲೆ ಕೂತಿತು.

ಅಕ್ಕನನ್ನು ತಿ. ನರಸೀಪುರಕ್ಕೆ ಕೊಟ್ಟಿತ್ತು. ಭಾವ ಲಾರಿ ಮೆಕ್ಯಾನಿಕ್. ಮದುವೆಯಾದ ಎರಡನೇ ವರ್ಷ ಗಲ್ಫಿನ ಒಂದು ಕಂಪನಿಗೆ ಹೋದರು. ಅಕ್ಕ ಅತ್ತೆಮಾವನ ಜೊತೆ ಉಳಿದಳು. ಮಕ್ಕಳಿರಲಿಲ್ಲ. ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಫೋನು ನಡುಮನೆಯಲ್ಲಿತ್ತು. ಭಾವ ಫೋನ್ ಮಾಡಿದಾಗ ಮೊದಲು ಅತ್ತೆ ಮಾತಾಡುವುದು, ಆಮೇಲೆ ಮಾವ, ಆಮೇಲೆ ನಾದಿನಿ. ಅಕ್ಕನ ಕೈಗೆ ಬರುವ ಹೊತ್ತಿಗೆ ಭಾವನ ಕಾರ್ಡು ಮುಗಿಯುವ ಬೀಪ್ ಬರುತ್ತಿತ್ತು. ಅಲ್ಲದೆ ಅತ್ತೆ ಮೊದಲೇ ಮಗನ ಕಿವಿ ತುಂಬಿರುತ್ತಿದ್ದರು. ಹೆಂಡತಿಗೆ ಈ ಮನೆ ಬೇಡ, ಗಂಡನೂ ಬೇಡ, ತವರಿನ ಕಡೆಯೇ ಧ್ಯಾನ ಎಂದು. ಕಾಗದ ಬರೆದರೆ ಬಿಚ್ಚಿ ಓದುವವರು ಅಲ್ಲೇ ಇದ್ದರು.

ಭಾವನ ಮೂರು ವರ್ಷದ ಕರಾರು ಮುಗಿಯುವುದಕ್ಕೆ ಎರಡು ತಿಂಗಳಿತ್ತು. ವಾಪಸ್ ಬಂದು ನರಸೀಪುರದಲ್ಲೇ ಒಂದು ಗ್ಯಾರೇಜು ಹಾಕಿ, ಬೇರೆ ಮನೆ ಮಾಡಿಕೊಂಡು ಅಕ್ಕನ ಜೊತೆ ಇರುವುದು, ಇಲ್ಲವೇ ಇನ್ನು ಮೂರು ವರ್ಷಕ್ಕೆ ಸೈನ್ ಹಾಕುವುದು. ಮತ್ತೆ ಮೂರು ವರ್ಷ ಆ ಮನೆಯಲ್ಲಿ ಒಬ್ಬಳೇ ಇರಲಾರೆ ಎಂದು ಅಕ್ಕ ಅವ್ವನ ಹತ್ತಿರ ಹೇಳಿ ಅತ್ತಿದ್ದಳು. ಭಾವನೂ ಪೂರ್ತಿ ಮನಸ್ಸು ಮುರಿದುಕೊಂಡಿರಲಿಲ್ಲ. ನನ್ನ ಇಮೇಲಿಗೆ ಒಂದು ಮೇಲ್ ಬರೆದರು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಶುಕ್ರವಾರ ತಮಗೆ ರಜ, ಅಂದು ಮಾತ್ರ ಕ್ಯಾಂಪಿನಿಂದ ಪೇಟೆಗೆ ಹೋಗುತ್ತೇನೆ, ನಮ್ಮ ಸಂಜೆ ಆರು ಗಂಟೆಗೆ ಚಾಟಿಗೆ ಬರುತ್ತೇನೆ, ಅವಳನ್ನು ಕೂರಿಸು, ಫೋನಿನಲ್ಲಾದರೆ ಕಾರ್ಡು ಐದು ನಿಮಿಷಕ್ಕೆ ಮುಗಿಯುತ್ತದೆ, ನಾವಿಬ್ಬರೇ ಮಾತಾಡಬೇಕು ಎಂದು.

ಆವತ್ತಿನಿಂದ ಅಕ್ಕ ಪ್ರತಿ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರತೊಡಗಿದಳು. ಅತ್ತೆಗೆ ಹೇಳುತ್ತಿದ್ದದ್ದು, ನಂಜನಗೂಡಿನ ಗಿರಾಕಿಗಳಿಗೆ ರವಿಕೆ ಕೊಟ್ಟು ಬರುತ್ತೇನೆ ಎಂದು. ಸುಳ್ಳು ಪೂರ್ತಿ ಸುಳ್ಳಾಗಬಾರದೆಂದು ನಾಲ್ಕೈದು ರವಿಕೆ ತರುತ್ತಲೂ ಇದ್ದಳು. ಕಂಪ್ಯೂಟರಿನ ಮುಂದೆ ಕೂತು ಹುಕ್ಕು ಹಾಕುತ್ತಿದ್ದಳು. ನಾನು ಡಯಲ್ ಮಾಡುತ್ತಿದ್ದೆ. ಮೊದಲ ಶುಕ್ರವಾರ ಲೈನು ನಿಂತದ್ದು ಮೂರು ನಿಮಿಷ. ‘ಊಟ ಆಯ್ತಾ’ ಎಂದು ಅವರು ಕೇಳಿದರು, ‘ಆಯ್ತು’ ಎಂದು ಇವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು, ನೋ ಕ್ಯಾರಿಯರ್. ಮತ್ತೆ ಡಯಲ್, ಮತ್ತೆ ಕಿರುಚಾಟ, ಮತ್ತೆ ಎರಡು ನಿಮಿಷ, ಮತ್ತೆ ನೋ ಕ್ಯಾರಿಯರ್. ಒಂದು ಗಂಟೆಯಲ್ಲಿ ಗಂಡಹೆಂಡತಿ ಆಡಿದ್ದು ಹತ್ತು ಮಾತು. ಅಕ್ಕ ಆವತ್ತು ಮೂರು ರವಿಕೆಗೆ ಹುಕ್ಕು ಮುಗಿಸಿದಳು.

ಅವ್ವನಿಗೆ ಇದ್ಯಾವುದೂ ತಿಳಿಯದು. ಅಳಿಯ ಪೆಟ್ಟಿಗೆಯೊಳಗೆ ಮಾತಾಡುತ್ತಾನಂತೆ ಎಂಬುದಷ್ಟೇ ಗೊತ್ತು. ತನ್ನ ಕೈಲಾದದ್ದನ್ನು ತಾನು ಮಾಡಬೇಕಲ್ಲ, ಒಂಬತ್ತು ಶುಕ್ರವಾರ ಹೊಸ್ತಿಲು ಪೂಜೆ ಮಾಡುತ್ತೇನೆ, ಅಳಿಯ ಮನೆ ಸೇರಲಿ ಎಂದು ಹರಕೆ ಹೊತ್ತಳು. ದಿನಾ ಬೆಳಗ್ಗೆ ಸಂಜೆ ಹೊಸ್ತಿಲು ತೊಳೆಯುವುದು ಇದ್ದೇ ಇತ್ತು. ಹರಕೆ ಹೊತ್ತ ಮೇಲೆ ಶುಕ್ರವಾರದ ಸಂಜೆಗೆ ಅದು ಬೇರೆಯೇ ಆಯಿತು. ಮಧ್ಯಾಹ್ನವೇ ಹೊಳೆಗೆ ಹೋಗಿ ಕಪಿಲೆಯಿಂದ ಒಂದು ಬಿಂದಿಗೆ ನೀರು ತರುವಳು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೊಸ್ತಿಲಿಗೆ ಚೊಂಬಿನ ಮೇಲೆ ಚೊಂಬು ನೀರು. ಆಮೇಲೆ ಹೊಸ್ತಿಲಿಗೂ ಬಾಗಿಲುವಾಡಕ್ಕೂ ಮೊಣಕಾಲೆತ್ತರದವರೆಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಎರಡು ಕಡೆಯೂ ದೀಪ ಇಟ್ಟು, ಬಗ್ಗಿ ನಮಸ್ಕಾರ ಮಾಡುವಳು. ಆಮೇಲೆ ಒಳಗೆ ಬಂದು, ಏನಂದ್ರು ಎಂದು ಅಕ್ಕನ ಮುಖ ನೋಡುವಳು. ಅಕ್ಕ ತಲೆಯೆತ್ತದೆ ಸೂಜಿ ಪೋಣಿಸುತ್ತಿದ್ದಳು.

ನಾನು ಹಟಕ್ಕೆ ಬಿದ್ದೆ. ಲಿನಕ್ಸ್ ತಾನು ಮಾಡಿದ್ದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡುತ್ತದೆ, ಅದರ ಒಳ್ಳೆಯ ಗುಣ ಅದು. ಪ್ರತಿ ಸಲ ಲೈನು ಬಿದ್ದಾಗಲೂ ಅಲ್ಲಿ ಹದಿನಾರು ಎಂಬ ಸಂಖ್ಯೆ ಇರುತ್ತಿತ್ತು. ಹಾಗೆಂದರೆ ಮೋಡೆಮ್ಮೇ ಫೋನು ಇಟ್ಟಿತು, ನಾನಲ್ಲ ಎಂದು ಕಂಪ್ಯೂಟರು ಕೈ ತೊಳೆದುಕೊಂಡಂತೆ. ಸರಿ, ಮೋಡೆಮ್ಮನ್ನು ಹಿಡಿದೆ. ವೇಗ ಇಳಿಸಿದೆ. ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬರುವ ಕೇಬಲ್ ಬದಲಿಸಿದೆ. ಮೋಡೆಮ್ಮಿನ ಕೆಳಗೆ ತಣ್ಣಗಿರಲೆಂದು ಬಚ್ಚಲುಮನೆಯ ಹೆಂಚಿನ ತುಂಡು ಇಟ್ಟೆ. ನಮ್ಮ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರು, ಸೋಮನಾಥಪುರದವರು, ಸುಮ್ಮನೆ ವಿಂಡೋಸ್ ಹಾಕಿಬಿಡಿ ಎಂದರು. ಮೈಯೆಲ್ಲ ಉರಿದುಹೋಯಿತು. ಅವರ ಜೊತೆ ಒಂದು ವಾರ ಮಾತು ಬಿಟ್ಟೆ.

ಅಕ್ಕನೂ ಒಂದು ಸಲ ಮೆಲ್ಲಗೆ ಕೇಳಿದಳು, ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ಆಗಿದೆಯಂತೆ, ಅಲ್ಲಿಗೆ ಹೋಗಲೇ ಎಂದು. ನಾನು ಎಗರಿಬಿದ್ದೆ. ನಿನ್ನ ಅತ್ತೆ ಮನೆಯವರ ಪೈಕಿ ಯಾರಾದರೂ ಹಿಂದೆ ನಿಂತು ಓದಿದರೆ ಏನು ಮಾಡ್ತೀಯ, ಸ್ವಂತ ತಮ್ಮನ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬೀದಿಗೆ ಹೋಗ್ತೀಯಾ ಎಂದೆಲ್ಲ ಕೂಗಾಡಿದೆ. ಹಿಂದೆ ನಿಂತು ಓದುವವರ ಮಾತು ಸುಳ್ಳಲ್ಲ. ಆದರೆ ನನಗೆ ನೋವಾಗಿದ್ದು ಬೇರೆ ಕಾರಣಕ್ಕೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಲ್ಯಾಬಿನವನು ನಾನು, ಪ್ರಯೋಗ ಮಾಡಿದರೆ ದಾಖಲೆ ಬೇಕು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ವಾರ, ಹೊತ್ತು, ಲೈನು ನಿಂತ ನಿಮಿಷ ಎಲ್ಲ ಬರೆದೆ. ಮೂರು ವಾರದಲ್ಲಿ ಚಿತ್ರ ಸ್ಪಷ್ಟವಾಯಿತು. ಮಧ್ಯಾಹ್ನ ಎರಡು ಗಂಟೆಗೆ ಹಾಕಿದರೆ ಲೈನು ಅಲ್ಲಾಡುವುದಿಲ್ಲ. ಬೆಳಗ್ಗೆ ಎಂಟಕ್ಕೆ ಪರವಾಗಿಲ್ಲ. ಸಂಜೆ ಆರರಿಂದ ಏಳು ಕೆಟ್ಟದ್ದು. ಅದರಲ್ಲೂ ಶುಕ್ರವಾರ ಸಂಜೆ ತಿಪ್ಪರಲಾಗ ಹಾಕಿದರೂ ಐದು ನಿಮಿಷ ದಾಟುವುದಿಲ್ಲ. ಈ ಪಟ್ಟಿಯನ್ನು ಇಟ್ಟುಕೊಂಡು ನಾನು ಯೋಚಿಸಿದೆ, ಸಂಜೆ ಎಲ್ಲರೂ ಫೋನ್ ಮಾಡುತ್ತಾರೆ, ಹಾಗಾಗಿ ಎಕ್ಸ್‌ಚೇಂಜಿನಲ್ಲಿ ನೂಕುನುಗ್ಗಲು, ನಮ್ಮ ಲೈನಿಗೆ ಯಾರೋ ಬೇರೆ ಲೈನು ತಗುಲಿಸಿದ್ದಾರೆ. ಅಷ್ಟು ಚೆನ್ನಾಗಿ ಗೆರೆ ಹಾಕಿ ಬರೆದ ಪಟ್ಟಿ, ಅಷ್ಟು ದಡ್ಡ ತೀರ್ಮಾನ. ನೋಟ್‌ಬುಕ್ಕಿನಿಂದ ತಲೆಯೆತ್ತಿ ಬಾಗಿಲ ಕಡೆ ನೋಡಿದ್ದರೆ ಸಾಕಿತ್ತು.

ನೋಡಲಿಲ್ಲ. ನೋಟ್‌ಬುಕ್ಕು ಹಿಡಿದು ನೇರ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋದೆ. ನಮ್ಮ ಬೀದಿಯ ಲೈನ್‌ಮನ್ ಅಲ್ಲೇ ಟೀ ಕುಡಿಯುತ್ತ ಕೂತಿದ್ದ. ಬಿಳಿಗೆರೆ ಕಡೆಯವನು, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವನು, ಕಂಬ ಹತ್ತಿ ಹತ್ತಿ ಕಾಲು ಸ್ವಲ್ಪ ಸೊಟ್ಟ. ನೋಟ್‌ಬುಕ್ಕನ್ನು ಪೂರ್ತಿ ನೋಡಿ, ಒಳಗಿನ ಡಬ್ಬಿ ಒಂದ್ಸಲ ಬಿಚ್ಚಿ ನೋಡಬೇಕು, ನಾಳೆ ಬರುತ್ತೇನೆ ಎಂದ. ಅಲ್ಲಿಗೆ ಸುಮ್ಮನೆ ಬರಬಹುದಿತ್ತು. ನಮ್ಮ ಮನೆಯೊಳಗೆ ಏನೂ ಕೆಟ್ಟಿಲ್ಲ, ಕೆಟ್ಟಿರುವುದು ನಿನ್ನ ಬುದ್ಧಿ, ಯಾರಿಗೆ ಲೈನು ಮಾರಿಕೊಂಡಿದ್ದೀಯ ಎಂದುಬಿಟ್ಟೆ. ಎಲ್ಲರ ಮುಂದೆ. ಅವನು ಟೀ ಲೋಟ ಕೆಳಗಿಟ್ಟ. ಮಾರನೇ ದಿನವೂ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ಇನ್ನೊಂದು ಸಲ ಹೋಗಿ ಕೇಳುವುದಕ್ಕೆ ನನಗೆ ಮುಖವಿರಲಿಲ್ಲ, ಮುಖವಿಲ್ಲ ಎಂದು ಒಪ್ಪಿಕೊಳ್ಳುವ ಬುದ್ಧಿಯೂ ಇರಲಿಲ್ಲ. ಅವನು ಬರದಿದ್ದರೆ ಏನಂತೆ, ನಾನೇ ಸರಿ ಮಾಡುತ್ತೇನೆ ಎಂದುಕೊಂಡೆ.

ಮೋಡೆಮ್ಮಿನೊಳಗೆ ಒಂದು ಲೆಕ್ಕ ಇರುತ್ತದೆ. ಆ ಕಡೆಯ ದನಿ ಕೇಳಿಸದೆ ಹೋದರೆ ಎಷ್ಟು ಹೊತ್ತು ಕಾದು ಆಮೇಲೆ ಫೋನು ಇಡಬೇಕು ಎಂಬುದರ ಲೆಕ್ಕ. ಅದನ್ನು ಹೆಚ್ಚಿಸಬಹುದು. ತೀರಾ ಮೇಲಿನ ಸಂಖ್ಯೆ ಕೊಟ್ಟರೆ ಮೋಡೆಮ್ಮು ಫೋನು ಇಡುವುದೇ ಇಲ್ಲ, ಆ ಕಡೆ ಯಾರೂ ಇಲ್ಲದಿದ್ದರೂ ಇದ್ದಾರೆಂದೇ ತಿಳಿದು ಕಾಯುತ್ತದೆ. ನಾಲ್ಕನೇ ವಾರ ಅದು ನನ್ನ ಕಣ್ಣಿಗೆ ಬಿತ್ತು. ತೀರಾ ಮೇಲಿನ ಸಂಖ್ಯೆಯನ್ನೇ ಕೊಟ್ಟೆ. ಲಿನಕ್ಸಿಗೂ, ನೀನು ನಡುವೆ ತಪಾಸಣೆ ಮಾಡಬೇಡ, ಸುಮ್ಮನಿರು ಎಂದು ಇನ್ನೊಂದು ಫೈಲಿನಲ್ಲಿ ಬರೆದೆ. ಐದನೇ ಶುಕ್ರವಾರ ಭಾವ ಚಾಟಿಗೆ ಬರಲಿಲ್ಲ, ಏನೋ ಓವರ್‌ಟೈಮು. ಆದರೆ ದೀಪ ಮಾತ್ರ ಒಂದು ಗಂಟೆ ಆರಲೇ ಇಲ್ಲ. ನಾನು ಗೆದ್ದೆ ಎಂದು ಅವ್ವನ ಕೈಲಿ ಪಾಯಸ ಮಾಡಿಸಿದೆ.

ಆರನೇ ಶುಕ್ರವಾರ. ಅಕ್ಕ ಎಂದಿಗಿಂತ ಮುಂಚೆಯೇ ಬಂದಿದ್ದಳು. ಹಸಿರು ಸೀರೆ, ತಲೆಗೆ ಹೂವು. ಕಂಪ್ಯೂಟರಿನಲ್ಲಿ ಮುಖ ಕಾಣುವುದಿಲ್ಲ ಕಣೇ ಎಂದು ನಾನು ರೇಗಿಸಿದೆ. ಗೊತ್ತು ಬಿಡು ಎಂದು ನಕ್ಕಳು. ಆರು ಗಂಟೆಗೆ ಎರಡು ನಿಮಿಷ ಇರುವಾಗ ದೀಪ ಹೊತ್ತಿತು. ಆರು ಗಂಟೆಗೆ ಭಾವ ಬಂದರು. ಊಟ ತಿಂಡಿ ಏನೂ ಕೇಳಲಿಲ್ಲ. ನೇರ ವಿಷಯಕ್ಕೇ ಬಂದರು.

‘ನಾಳೆ ಬೆಳಗ್ಗೆ ಕಂಪನಿಯವನು ಸೈನ್ ತಗೊಳ್ಳೋಕೆ ಬತ್ತಾನೆ. ಬಂದ್ಬುಡ್ಲಾ, ಇಲ್ಲ ಸೈನ್ ಆಕ್ಲಾ? ಯಾರ್ ಮಾತೂ ಬ್ಯಾಡ. ನೀನೇ ಏಳು.’

ಅದನ್ನು ನಾನೇ ಓದಿ ಹೇಳಿದೆ. ಅಕ್ಕ ಸೂಜಿಯನ್ನು ರವಿಕೆಗೆ ಚುಚ್ಚಿ ಪಕ್ಕಕ್ಕಿಟ್ಟಳು. ನನಗೆ ಎದ್ದೇಳು ಎಂದು ಸನ್ನೆ ಮಾಡಿ ಕುರ್ಚಿಯಲ್ಲಿ ತಾನು ಕೂತಳು. ಬಾಗಿಲ ಹತ್ತಿರ ಅವ್ವ ಹೊಸ್ತಿಲಿಗೆ ನೀರು ಹಾಕುವ ಸದ್ದು ಕೇಳುತ್ತಿತ್ತು. ಅಕ್ಕ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ‘ಬನ್ನಿ’ ಎಂದು ಒತ್ತಿದಳು. ಮೂರು ಸಲ ನೋಡಿ ಎಂಟರ್ ಒತ್ತಿದಳು. ಮಾತು ಮೇಲಕ್ಕೆ ಹೋಗಿ ಪರದೆಯ ಮೇಲೆ ಅವರ ಮಾತಿನ ಕೆಳಗೆ ಕೂತಿತು.

ಕಾದೆವು. ಕ್ಯಾರಿಯರ್ ದೀಪ ಉರಿಯುತ್ತಲೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಯೋಚನೆ ಮಾಡ್ತಾವ್ರೇನೋ ಎಂದಳು. ಐದು ನಿಮಿಷ ಆಯಿತು. ಅವ್ವನ ಗಂಟೆಯ ಸದ್ದು ಬಂತು, ಊದುಬತ್ತಿಯ ವಾಸನೆ ಬಂತು. ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬನ್ನಿ ಎಂದು ಕರೆದ ಮೇಲೆ ಗಂಡ ಇಷ್ಟು ಹೊತ್ತು ಸುಮ್ಮನಿದ್ದರೆ ಅದರ ಅರ್ಥ ಏನು ಎಂದು ಇಬ್ಬರೂ ಯೋಚಿಸುತ್ತಿದ್ದೆವು. ಹತ್ತು ನಿಮಿಷದ ಮೇಲೆ ನನಗೆ ಏನೋ ಹೊಳೆದು ಮೋಡೆಮ್ಮನ್ನು ಸರಿಯಾಗಿ ನೋಡಿದೆ. ಕ್ಯಾರಿಯರ್ ದೀಪದ ಪಕ್ಕದಲ್ಲಿ, ಆ ಕಡೆಯಿಂದ ಏನಾದರೂ ಬಂದರೆ ಮಿಣುಕುವ ದೀಪ ಒಂದಿದೆ. ಅದು ಒಂದು ಸಲವೂ ಮಿಣುಕುತ್ತಿರಲಿಲ್ಲ. ಲೈನು ಯಾವಾಗಲೋ ಸತ್ತಿತ್ತು, ‘ಬನ್ನಿ’ ಎಂಬ ಮಾತು ನಮ್ಮ ಪರದೆ ದಾಟಿ ಹೋಗಿಯೇ ಇರಲಿಲ್ಲ. ಸತ್ತದ್ದನ್ನು ಹೇಳಬೇಡ, ಕಾಯುತ್ತಿರು ಎಂದು ಮೋಡೆಮ್ಮಿಗೆ ಹೇಳಿಕೊಟ್ಟವನು ನಾನೇ.

ಕಡಿದು ಮತ್ತೆ ಡಯಲ್ ಮಾಡಿದೆ. ಹಿಡಿಯಲಿಲ್ಲ. ಮತ್ತೆ ಮಾಡಿದೆ. ಬೈದೆ, ಮೇಜಿಗೆ ಗುದ್ದಿದೆ, ಮತ್ತೆ ಮಾಡಿದೆ. ಇಪ್ಪತ್ತು ಸಲವಾದರೂ ಆಗಿರಬೇಕು. ಏಳು ಗಂಟೆಯ ಹೊತ್ತಿಗೆ ಲೈನು ನಿಂತಾಗ ಭಾವನ ಹೆಸರು ಬೂದು ಬಣ್ಣಕ್ಕೆ ತಿರುಗಿತ್ತು. ಅವರು ಎದ್ದು ಹೋಗಿದ್ದರು. ನಾವು ಗೊತ್ತಿಲ್ಲದೆ ಕಾದು ಕೂತ ಹತ್ತು ನಿಮಿಷ ಮತ್ತು ನಾನು ಡಯಲ್ ಮಾಡುತ್ತಿದ್ದ ಮುಕ್ಕಾಲು ಗಂಟೆ, ಅಷ್ಟು ಹೊತ್ತೂ ನಮ್ಮ ಫೋನು ಎಂಗೇಜ್ ಆಗಿತ್ತು ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಆಗಲೇ ಒಂದು ಮೇಲ್ ಕಳಿಸಿದೆವು. ಲೈನು ಕಟ್ಟಾಯಿತು, ದಯವಿಟ್ಟು ಬನ್ನಿ, ಸೈನ್ ಹಾಕಬೇಡಿ ಎಂದು. ಭಾವ ಪೇಟೆಗೆ ಬರುವುದು ಶುಕ್ರವಾರ ಮಾತ್ರ, ಕ್ಯಾಂಪಿಗೆ ನಾವು ಫೋನ್ ಮಾಡುವಂತೆಯೂ ಇರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಆದರೂ ಕಳಿಸಿದೆವು. ಅಕ್ಕ ಬೆಳಗ್ಗೆ ಮೊದಲ ಬಸ್ಸಿಗೆ ನರಸೀಪುರಕ್ಕೆ ಹೋದಳು. ಒಂದು ರವಿಕೆ ನಮ್ಮ ಮನೆಯಲ್ಲೇ ಮರೆತಿದ್ದಳು, ಸೂಜಿ ಇನ್ನೂ ಅದರಲ್ಲೇ ಇತ್ತು.

ಸೋಮವಾರ ನಾನು ಎಕ್ಸ್‌ಚೇಂಜಿಗೆ ಹೋಗಿ ಲೈನ್‌ಮನ್ನನ ಕೈ ಹಿಡಿದುಕೊಂಡೆ. ತಪ್ಪಾಯ್ತು ಕಣಣ್ಣ ಎಂದೆ. ಅಷ್ಟು ಹೇಳಲು ನನಗೆ ಮೂರು ವಾರ ಬೇಕಾಗಿತ್ತು. ಅವನು ಶುಕ್ರವಾರ ಮಧ್ಯಾಹ್ನ ಬರುತ್ತೇನೆ ಎಂದ, ಮಾತಿಗೆ ಸರಿಯಾಗಿ ಮೂರು ಗಂಟೆಗೆ ಬಂದ. ಅಕ್ಕ ಆಗಲೇ ಬಂದಿದ್ದಳು. ಅವ್ವ ಬಿಂದಿಗೆ ಹಿಡಿದು ಹೊಳೆಗೆ ಹೋಗಿದ್ದಳು.

ಅವನು ಮೋಡೆಮ್ಮಿನ ಕಡೆ ತಿರುಗಿಯೂ ನೋಡಲಿಲ್ಲ. ತಂತಿ ಹಿಡಿದುಕೊಂಡು ಬಾಗಿಲಿಗೆ ಹೋದ. ನಮ್ಮದು ಹಳೇ ಮಣ್ಣಿನ ಗೋಡೆ. ಫೋನು ಬಂದ ವರ್ಷ, ತೋರಣ ಕಟ್ಟುವ ಜಾಗದಲ್ಲಿ ಮೊಳೆ ಹೊಡೆಯಬೇಡಿ ಎಂದು ಅವ್ವ ಹಟ ಮಾಡಿದ್ದರಿಂದ, ತಂತಿಯನ್ನು ಬಾಗಿಲುವಾಡದ ಬುಡದಲ್ಲಿ ಒಳಗೆ ತಂದು, ತಂತಿ ಕೂಡುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಹೊಸ್ತಿಲಿಗೆ ತಾಗಿದಂತೆ ಅಲ್ಲೇ ಕೂರಿಸಿದ್ದರು. ದಿನಾ ಕಾಲಿಗೆ ತಗಲುವಷ್ಟು ಹತ್ತಿರ. ಬಾಗಿಲುವಾಡಕ್ಕೆ ಅರಿಶಿನ ಬಳಿಯುವಾಗ ಅವ್ವ ಡಬ್ಬಿಗೂ ಬಳಿದು ಕುಂಕುಮ ಇಟ್ಟಿದ್ದಳು. ಅದನ್ನು ನಾನು ಆರು ವಾರದಿಂದ ದಾಟಿಕೊಂಡು ಓಡಾಡಿದ್ದೆ.

ಲೈನ್‌ಮನ್ ಕುಕ್ಕರಗಾಲಲ್ಲಿ ಕೂತು ಮುಚ್ಚಳ ಬಿಚ್ಚಿದ. ಒಳಗಿನಿಂದ ಹಳದಿ ನೀರು ಅವನ ಅಂಗೈಗೆ ಸುರಿಯಿತು. ತಾಮ್ರದ ತಂತಿ ಹಸಿರುಗಟ್ಟಿ ಕಿಲುಬು ಹಿಡಿದಿತ್ತು. ಮೂಲೆಯಲ್ಲಿ ಕುಂಕುಮದ ಕೆಸರು.

‘ಸಾ, ಯಾರ್ ಸಾ ಇದ್ಕೆ ಪೂಜೆ ಮಾಡ್ತಿರೋರು?’ ಎಂದ. ತಮಾಷೆಗೆ ಹೇಳಿದ್ದಲ್ಲ. ಒದ್ದೆಯಾದರೆ ಲೈನು ನಿಲ್ಲುವುದಿಲ್ಲ, ಒಣಗಿದರೆ ಸರಿಹೋಗುತ್ತದೆ, ಮಧ್ಯಾಹ್ನ ಚೆನ್ನಾಗಿರೋದು ಅದಕ್ಕೇ, ಶುಕ್ರವಾರ ನೀರು ಜಾಸ್ತಿ ಬೀಳುತ್ತಲ್ಲ ಎಂದು ನನ್ನ ನೋಟ್‌ಬುಕ್ಕನ್ನೇ ನನಗೆ ವಿವರಿಸಿ ಹೇಳಿದ. ಅವನು ತಂತಿಯ ತುದಿ ಕತ್ತರಿಸಿ, ಹೊಸ ಡಬ್ಬಿಯನ್ನು ಎದೆಯೆತ್ತರಕ್ಕೆ ಗೋಡೆಗೆ ಕೂರಿಸಿದ. ಎಲ್ಲ ಸೇರಿ ಕಾಲು ಗಂಟೆ ಕೆಲಸ.

ಅವನು ಹೋದ ಮೇಲೆ ಅಕ್ಕ ಹಳೇ ಡಬ್ಬಿಯನ್ನು ಕೈಗೆತ್ತಿಕೊಂಡಳು. ಒಳಗೆ ಬೆರಳಾಡಿಸಿ ನೋಡಿದಳು. ಬೆರಳು ಹಳದಿಯಾಯಿತು. ನನ್ನ ಸಿಟ್ಟು ಆ ಹೊತ್ತಿಗೆ ನೆತ್ತಿಗೇರಿತ್ತು. ಬರಲಿ ಅವ್ವ, ಇವತ್ತು ಒಂದು ಇತ್ಯರ್ಥ ಮಾಡ್ತೀನಿ, ಮಗಳ ಬಾಳಿಗೆ ನೀರು ಹುಯ್ದಳಲ್ಲ ಎಂದು ಹಲ್ಲು ಕಡಿದೆ.

‘ಅವ್ವಂಗೆ ಏಳ್ಬ್ಯಾಡ ಕಣ್ಲಾ,’ ಎಂದಳು ಅಕ್ಕ. ‘ಯಾವತ್ತೂ ಏಳ್ಬ್ಯಾಡ. ನನ್ಮೇಲಾಣೆ.’

ಡಬ್ಬಿಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಅವ್ವ ಬಿಂದಿಗೆ ಹೊತ್ತು ಬಂದಾಗ, ಡಬ್ಬಿ ಯಾಕಪ್ಪ ಮೇಲಕ್ಕೆ ಹೋಯ್ತು ಎಂದು ಕೇಳಿದಳು. ಹಳೇದಾಗಿತ್ತು ಎಂದೆ.

ಆವತ್ತು ಸಂಜೆ ಆರು ಗಂಟೆಗೆ ಲೈನು ಒಂದೇ ಸಲಕ್ಕೆ ಹಿಡಿಯಿತು. ಮೋಡೆಮ್ಮಿಗೆ ಕೊಟ್ಟಿದ್ದ ಕೆಟ್ಟ ಸಂಖ್ಯೆಯನ್ನು ನಾನು ತೆಗೆದುಹಾಕಿದ್ದೆ, ಆದ್ದರಿಂದ ದೀಪ ನಿಜವಾದ ದೀಪವೇ. ಆರೂ ಹತ್ತಕ್ಕೆ ಭಾವ ಬಂದರು. ಮೇಲ್ ಈಗಷ್ಟೇ ನೋಡಿದೆ ಎಂದರು. ಆವತ್ತು ನೀನು ಉತ್ತರ ಕೊಡಲಿಲ್ಲ, ಹೊರಗೆ ಬಂದು ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಎಂಗೇಜು, ರಿಸೀವರ್ ಎತ್ತಿಟ್ಟಿದ್ದೀಯ ಎಂದುಕೊಂಡೆ, ನಮ್ಮವ್ವ ಹೇಳಿದ್ದೇ ನಿಜ, ನಿನಗೆ ನಾನು ಬೇಡ ಅಂದುಕೊಂಡೆ, ಶನಿವಾರ ಸೈನ್ ಹಾಕಿಬಿಟ್ಟೆ ಎಂದರು. ವಾಪಸ್ ತಗೊಳ್ಳೋಕೆ ಆಗಲ್ವಾ ಎಂದು ಅಕ್ಕ ಕೇಳಿದಳು. ಆಗುವುದಿಲ್ಲ, ಮೂರು ವರ್ಷ ಎಂದರು. ಆಮೇಲೆ ನೋಡೋಣ ಎಂದರು. ಅವರ ಹೆಸರು ಬೂದಾಯಿತು.

ಬಾಗಿಲಲ್ಲಿ ಅವ್ವ ಚೊಂಬಿನ ಮೇಲೆ ಚೊಂಬು ನೀರು ಹಾಕುತ್ತಿದ್ದಳು. ದೀಪ ಮಿಸುಕಲಿಲ್ಲ. ಅಕ್ಕ ಎದ್ದೇಳಲಿಲ್ಲ, ನಾನೂ ಲೈನು ಕಡಿಯಲಿಲ್ಲ. ಎರಡು ಗಂಟೆ ಹತ್ತು ನಿಮಿಷ ಆ ಲೈನು ಹಾಗೇ ನಿಂತಿತ್ತು, ಅಷ್ಟು ಹೊತ್ತು ಅದು ಎಂದೂ ನಿಂತದ್ದಿಲ್ಲ. ನಡುವೆ ಅವ್ವ ಕುಂಕುಮದ ತಟ್ಟೆ ಹಿಡಿದು ಬಂದು ಅಕ್ಕನ ಹಣೆಗೆ ಇಟ್ಟು, ಏನಂದ್ರವ್ವ ಎಂದಳು. ಬತ್ತಾರಂತೆ ಕಣವ್ವ, ವಸಿ ತಡ ಆಯ್ತದಂತೆ ಎಂದಳು ಅಕ್ಕ.

ಭಾವ ಬರಲಿಲ್ಲ. ಮೊದಲ ವರ್ಷ ಚಾಟಿಗೆ ಬರುತ್ತಿದ್ದರು, ಆಮೇಲೆ ಹಬ್ಬಕ್ಕೊಂದು ಮೇಲ್, ಆಮೇಲೆ ಅದೂ ಇಲ್ಲ. ಮೂರು ವರ್ಷ ಕಳೆದು ಊರಿಗೆ ಬಂದರಂತೆ, ನರಸೀಪುರದಲ್ಲಿ ಹದಿನೈದು ದಿನ ಇದ್ದರಂತೆ. ನಮ್ಮ ಬಾಗಿಲಿಗೆ ಬರಲಿಲ್ಲ. ಅಷ್ಟರೊಳಗೆ ಅಕ್ಕ ಹೊಲಿಗೆ ಮಿಷನ್ನು ಹೊತ್ತುಕೊಂಡು ನಮ್ಮ ಮನೆಗೇ ಬಂದುಬಿಟ್ಟಿದ್ದಳು. ಹಿರಿಯರು ಕೂತು ಮಾತಾಡಿ ಇಬ್ಬರನ್ನೂ ಬಿಡಿಸಿದರು. ಆವತ್ತಿನ ಲೈನು ನಿಂತಿದ್ದರೂ ಇದೆಲ್ಲ ಹೀಗೇ ಆಗುತ್ತಿತ್ತೇನೋ ಎಂದು ಕೆಲವು ಸಲ ಸಮಾಧಾನ ಮಾಡಿಕೊಳ್ಳುತ್ತೇನೆ. ಅದನ್ನು ನಾನೇ ನಂಬುವುದಿಲ್ಲ.

ಒಂಬತ್ತು ಶುಕ್ರವಾರ ಮುಗಿದಾಗ ಅಳಿಯ ಬರಲಿಲ್ಲವಲ್ಲ, ಅವ್ವ ತನ್ನಿಂದಲೇ ಏನೋ ಕಮ್ಮಿಯಾಯಿತು ಎಂದುಕೊಂಡಳು. ಮತ್ತೆ ಒಂಬತ್ತು ಹಿಡಿದಳು. ಅದಾದ ಮೇಲೆ ಎಣಿಸುವುದನ್ನೇ ಬಿಟ್ಟಳು. ಅಕ್ಕನ ತಲೆಯಲ್ಲಿ ಬಿಳಿ ಕೂದಲು ಬಂದರೂ ಶುಕ್ರವಾರ ತಪ್ಪಿಸಲಿಲ್ಲ. ಮಡಿಯಲ್ಲಿ ತಪ್ಪಾಯ್ತೇನೋ, ಮನಸ್ಸು ಎಲ್ಲೋ ಇತ್ತೇನೋ ಎಂದು ತಾನೇ ಹುಡುಕಿ ಹುಡುಕಿ ಹೇಳುವಳು. ನಾನು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪೂಜೆಯಲ್ಲಿ ಏನೂ ಕಮ್ಮಿಯಾಗಲಿಲ್ಲ ಅವ್ವ ಎಂದಷ್ಟೇ ಹೇಳಿದರೂ, ಮತ್ತೆ ಯಾಕಪ್ಪ ಬರಲಿಲ್ಲ ಎಂದು ಅವಳು ಕೇಳುತ್ತಿದ್ದಳು. ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ಅಕ್ಕ ಆಣೆ ಹಾಕಿದ್ದಳು.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಕಡೆಯ ಶುಕ್ರವಾರ ಎದ್ದು ಕೂರಲು ಆಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನನ್ನು ಕರೆದಳು, ನನ್ನ ಬದಲು ನೀನು ಹಾಕು ಎಂದಳು. ಅಕ್ಕ ಚೊಂಬು ತುಂಬಿಕೊಂಡು ಬಾಗಿಲಿಗೆ ಹೋದಳು. ಬಾಗಿಲುವಾಡದ ಬುಡದಲ್ಲಿ ಹಳೇ ಡಬ್ಬಿಯ ಎರಡು ಸ್ಕ್ರೂ ತೂತು ಈಗಲೂ ಇವೆ. ನಾನು ಅವ್ವನ ತಲೆಯ ಹತ್ತಿರ ಕೂತಿದ್ದೆ.

‘ನೀರು ಜಾಸ್ತಿ ಆಕವ್ವ,’ ಎಂದಳು ಅವ್ವ. ‘ಆವತ್ತು ನಾನೇ ಕಮ್ಮಿ ಆಕ್ಬುಟ್ಟೆ ಅನ್ಸುತ್ತೆ.’

ಅಕ್ಕ ನನ್ನ ಕಡೆ ನೋಡಲಿಲ್ಲ. ಆಗಲಿ ಕಣವ್ವ ಎಂದು ಚೊಂಬು ಪೂರ್ತಿ ಬಗ್ಗಿಸಿದಳು. ಮತ್ತೆ ತುಂಬಿಕೊಂಡು ಬರಲು ಒಳಗೆ ಹೋದಳು.